ನಾಲ್ಕಡಿಯ ಬೆಂಚು

ಟೈಲರಮ್ಮನ ಮೈದುನ ಒಂದು ವಾರಕ್ಕೆಂದು ಬಂದವನು ಹನ್ನೊಂದು ತಿಂಗಳು ನಿಂತುಬಿಟ್ಟ.

ಬೋರ್ಡು ಬರೆಯುವುದು ಅವನ ಕಸುಬು. ಅಂಗಡಿಗಳ ಹಣೆ, ಲಾರಿಗಳ ಬೆನ್ನು, ಶಾಲೆಯ ಕಾಂಪೌಂಡು, ಎಲ್ಲದರ ಮೇಲೂ ಒಂದು ಕಾಲಕ್ಕೆ ಅವನ ಕುಂಚ ಆಡಿತ್ತು. ಫ್ಲೆಕ್ಸ್ ಬಂದ ಮೇಲೆ ಕುಂಚ ಒಣಗಿತು. ಅವನಿದ್ದ ಬಾಡಿಗೆ ಕೋಣೆಯ ಕಟ್ಟಡವನ್ನೂ ಯಾರೋ ಕೆಡವಿ ಹೊಸದು ಎಬ್ಬಿಸಲು ಹೊರಟಾಗ, ಒಂದು ತಗಡಿನ ಪೆಟ್ಟಿಗೆ, ಒಂದು ಕಟ್ಟು ಕುಂಚ, ಅರ್ಧರ್ಧ ಉಳಿದ ಎಂಟು ಬಣ್ಣದ ಡಬ್ಬಿ ಹೊತ್ತು ಅಣ್ಣನ ಮನೆಯ ಬಾಗಿಲಲ್ಲಿ ನಿಂತ. "ಅತ್ತಿಗೆ, ಒಂದೇ ವಾರ. ಕೋಣೆ ಸಿಕ್ಕಿದ ಕೂಡಲೇ ಜಾಗ ಖಾಲಿ ಮಾಡ್ತೀನಿ" ಅಂದ.

ಆಳು ಆರಡಿ ಎರಡಂಗುಲ. ಅಟ್ಟದ ಮೇಲಿನ ಡಬ್ಬ ಇಳಿಸಲು ಅವನಿಗೆ ಸ್ಟೂಲು ಬೇಡ, ಕೈ ಎತ್ತಿದರೆ ಸಾಕು. ಹನ್ನೆರಡು ವರ್ಷದ ಮಗಳು ಅವನಿಗೆ 'ಏಣಿ ಚಿಕ್ಕಪ್ಪ' ಎಂದು ಹೆಸರಿಟ್ಟಳು. ತಿಂಗಳೊಪ್ಪತ್ತಿನಲ್ಲಿ ಬೀದಿಯವರ ಬಾಯಲ್ಲೂ ಅವನು ಏಣಿಯೇ ಆದ.

ಮನೆಯೇನು ದೊಡ್ಡದಲ್ಲ. ಒಳಗಿನ ಕೋಣೆಯಲ್ಲಿ ಗಂಡ ಹೆಂಡತಿಯ ಮಂಚ, ಮಂಚಕ್ಕೂ ಗೋಡೆಗೂ ನಡುವೆ ತುರುಕಿದ ಹೊಲಿಗೆ ಯಂತ್ರ. ಮುಂದಿನ ಕೋಣೆಯಲ್ಲಿ ಮಗಳ ಮಂಚ, ಕಪಾಟು. ಎರಡಕ್ಕೂ ಅಡುಗೆಮನೆಗೂ ನಡುವೆ ಏಳಡಿ ಉದ್ದ, ಆರಡಿ ಅಗಲದ ಊಟದ ಮೂಲೆ. ಅಲ್ಲಿ ಗೋಡೆಗೆ ಆನಿಸಿ ಹೊಡೆದ ಆರೂವರೆ ಅಡಿಯ ಮರದ ಬೆಂಚು, ಅದರ ಮುಂದೆ ಕಾಲು ಅಲುಗುವ ಮೇಜು, ಪಕ್ಕದ ಕಟ್ಟಡದ ನೀರಿನ ಕೊಳವೆಗಳನ್ನು ನೋಡುತ್ತಾ ಕೂತ ಒಂದು ಕಿಟಕಿ. ಗೋಡೆಯ ಬಣ್ಣ ಸುಣ್ಣಕ್ಕೂ ಹೊಗೆಗೂ ಹುಟ್ಟಿದ ಕೂಸಿನಂತಿತ್ತು. ಏಣಿ ಮಲಗುತ್ತಿದ್ದುದು ಆ ಬೆಂಚಿನ ಮೇಲೆ. ಇಡೀ ಮನೆಯಲ್ಲಿ ಅವನ ಉದ್ದಕ್ಕೆ ಸರಿಹೋಗುವ ಜಾಗ ಅದೊಂದೇ.

ಏಣಿ ಕೆಟ್ಟವನಾಗಿದ್ದರೆ ಟೈಲರಮ್ಮನ ಕೆಲಸ ಸುಲಭವಿತ್ತು. ಕುಡುಕನೋ ಜಗಳಗಂಟನೋ ಆಗಿದ್ದರೆ ಎರಡು ಮಾತು ಬೈದು ಕಳಿಸಬಹುದಿತ್ತು. ಅವನು ತರಕಾರಿ ಹೆಚ್ಚಿಕೊಡುತ್ತಿದ್ದ, ಮಗಳಿಗೆ ನಕಾಶೆ ಬರೆಸುತ್ತಿದ್ದ, ತಟ್ಟೆ ತಾನೇ ತೊಳೆಯುತ್ತಿದ್ದ. ಆದರೂ ಬೆಳಿಗ್ಗೆ ಐದೂವರೆಗೆ ಅವಳು ಅಡುಗೆಮನೆಗೆ ಹೋಗಬೇಕೆಂದರೆ ಅವನ ಕಾಲುಗಳನ್ನು ದಾಟಿಯೇ ಹೋಗಬೇಕು. ದೀಪ ಹಾಕಲು ಸಂಕೋಚ, ಪಾತ್ರೆ ಸದ್ದಾದರೆ ಸಂಕೋಚ, ಸೆರಗು ಜಾರಿದರೆ ಸಂಕೋಚ. ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ ತುದಿಗಾಲಲ್ಲಿ ನಡೆದೂ ನಡೆದೂ ಅವಳಿಗೆ ಸಾಕಾಗಿಹೋಗಿತ್ತು. ಯಾರಿಗೆ ಹೇಳುವುದು? ಗಂಡನಿಗೆ ಹೇಳಿದರೆ, ತಮ್ಮನನ್ನು ಹೊರಗೆ ಹಾಕಿಸಿದವಳು ಎಂಬ ಹೆಸರು ತನಗೇ ಅಂಟುತ್ತದೆ. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ.

ಮೇಲಿನ ಮನೆಯ ನರ್ಸಿಗೆ ಮಾತ್ರ ಒಂದು ದಿನ ಹೇಳಿಕೊಂಡಳು. ನರ್ಸು ಯಾವುದೋ ಹಳೆಯ ಪತ್ರಿಕೆ ತಂದು ಬಿಚ್ಚಿ ತೋರಿಸಿದಳು. ಚಿತ್ರದಲ್ಲಿ ಇಷ್ಟೇ ಇಷ್ಟು ಜಾಗ, ಅದರಲ್ಲೇ ಊಟ, ಓದು, ಹೊಲಿಗೆ, ಗೋಡೆಯ ತುಂಬ ಬಣ್ಣ.

"ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದ್ರೆ ಹೀಗೇ ಮಾಡ್ಬೇಕು" ಅಂದಳು ನರ್ಸು. "ಬೆಂಚೇ ಇಲ್ಲ ಅಂದ್ಮೇಲೆ ಯಾರು ಮಲಗ್ತಾರೆ? ಬಾಯಿ ಹೇಳಲಾರದ್ದನ್ನ ಗರಗಸ ಹೇಳುತ್ತೆ ಬಿಡು."

ಇಬ್ಬರೂ ನಕ್ಕರು. ಆ ನಗು ಆಮೇಲೆ ಎಷ್ಟೋ ದಿನ ಟೈಲರಮ್ಮನ ಕಿವಿಯಲ್ಲಿ ಉಳಿಯಿತು.

ಮರುದಿನ ಊಟದ ಹೊತ್ತಿಗೆ ಅವಳು ವಿಷಯ ತೆಗೆದಳು. "ಹುಡುಗಿ ಮುಂದಿನ ವರ್ಷ ದೊಡ್ಡ ಸ್ಕೂಲು. ಮಂಚದ ಮೇಲೆ ಬೋರಲು ಬಿದ್ದು ಓದಿದ್ರೆ ಬೆನ್ನು ಏನಾಗ್ಬೇಕು? ನನ್ನ ಮಷೀನೂ ಆ ಕತ್ತಲೆ ಸಂದಿನಲ್ಲಿ ಇದೆ, ಸೂಜಿಗೆ ದಾರ ಪೋಣಿಸೋಷ್ಟರಲ್ಲಿ ಕಣ್ಣು ಹೋಗುತ್ತೆ. ಈ ಮೂಲೆನ ಸರಿಯಾಗಿ ಮಾಡಿಸಿದ್ರೆ ಮೂರು ಕೆಲಸಕ್ಕೂ ಆಗುತ್ತೆ."

ಗಂಡ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸಕ್ಕಿದ್ದ. ಊರಿನವರ ಎಲುಬೆಲ್ಲ ಕಾಣುವವರಿಗೆ ಹೆಂಡತಿಯ ಮನಸ್ಸೊಂದು ಕಾಣುವುದಿಲ್ಲ ಎಂದು ಅವಳು ಆಗಾಗ ಹಂಗಿಸುವುದುಂಟು. ಅವನು ತಟ್ಟೆಯಿಂದ ತಲೆ ಎತ್ತಿ ಬೆಂಚನ್ನು ಒಮ್ಮೆ ನೋಡಿದ, ಹೆಂಡತಿಯನ್ನು ಒಮ್ಮೆ ನೋಡಿದ. "ಒಳ್ಳೇದೇ" ಎಂದು ಮತ್ತೆ ತಟ್ಟೆಗೆ ಬಗ್ಗಿದ.

ಏಣಿಯ ಮುಖ ಮಾತ್ರ ದೀಪ ಹಚ್ಚಿದಂತಾಯಿತು. "ಅತ್ತಿಗೆ, ಬಡಗಿ ಗಿಡಗಿ ಏನೂ ಬೇಡ. ಬೋರ್ಡಿಗೆ ಚೌಕಟ್ಟು ಹೊಡೆದ ಕೈ ಇದು. ಬಣ್ಣವೂ ನನ್ನ ಹತ್ರಾನೇ ಇದೆ. ಎರಡು ವಾರ ಕೊಡಿ, ಮೂಲೆ ಹೇಗಾಗುತ್ತೆ ನೋಡಿ."

ಇದನ್ನು ಅವಳು ಎಣಿಸಿರಲಿಲ್ಲ. ಬೇಡವೆನ್ನಲು ಕಾರಣ ಹುಡುಕಿದಳು, ಒಂದೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಅವನೇ ಹಳೆಯ ಬೆಂಚಿನ ಮೊಳೆ ಕಿತ್ತ. ಹಲಗೆಗಳನ್ನು ಜೋಡಿಸಿಟ್ಟು, ಕಿವಿಯ ಹಿಂದೆ ಪೆನ್ಸಿಲು ಸಿಕ್ಕಿಸಿಕೊಂಡು, ಟೇಪು ಹಿಡಿದು ಮಂಡಿಯೂರಿದ. "ಈ ಕೊನೇಲಿ ಮಷೀನು. ಮೇಲೆ ಮುಚ್ಚಳ ಹಾಕಿದ್ರೆ ಅದೇ ಮೇಜು. ಗೋಡೆಗೆ ಕೀಲು ಹಾಕಿ ಒಂದು ಹಲಗೆ, ಎತ್ತಿದ್ರೆ ಊಟಕ್ಕೆ, ಇಳಿಸಿದ್ರೆ ಓಡಾಡಕ್ಕೆ. ಬೆಂಚು ಇಲ್ಲಿಂದ ಇಲ್ಲಿಗೆ. ಎಷ್ಟು ಉದ್ದ ಇಡ್ಲಿ ಅತ್ತಿಗೆ?"

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಾಲ್ಕಡಿ" ಅಂದಳು.

"ಮಷೀನು ಸ್ವಲ್ಪ ಆ ಕಡೆ ಗೋಡೆಗೆ ತಳ್ಳಿದ್ರೆ ಆರಡಿ ಬಿಡಬಹುದು."

"ನಾಲ್ಕು ಸಾಕು. ಕೂತ್ಕೊಳ್ಳೋಕೆ ತಾನೇ?"

ಅವನು ತಿರುಗಿ ನೋಡಲಿಲ್ಲ. ಟೇಪಿನ ಮೇಲೆ ಅವನ ಹೆಬ್ಬೆರಳು ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಪೆನ್ಸಿಲು ತೆಗೆದು ನೆಲದ ಮೇಲೆ ಗೆರೆ ಎಳೆದ. "ಸರಿ. ನಾಲ್ಕು" ಅಂದ. ಎಂದಿನ ದನಿಯೇ. ಟೈಲರಮ್ಮ ಸೌಟು ಹಿಡಿದು ಒಲೆಯ ಕಡೆ ತಿರುಗಿದಳು.

ಆ ಎರಡು ವಾರ ಅವನು ಮುಂದಿನ ಕೋಣೆಯ ನೆಲದ ಮೇಲೆ, ಕಪಾಟಿಗೂ ಮಗಳ ಮಂಚಕ್ಕೂ ನಡುವೆ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದ. ನೀರಿಗೆಂದು ಎದ್ದವರೆಲ್ಲ ಅವನನ್ನು ಎಡವಿದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ನನ್ನಂಥೋನ್ನ ನೋಡಿಯೇ ಇರ್ಬೇಕು" ಎಂದು ನಗಿಸಿದ. ಹಗಲೆಲ್ಲ ಕೆಲಸ. ಮಗಳು ಶಾಲೆಯಿಂದ ಬಂದವಳೇ ಅಂಗಿ ಬದಲಿಸಿ ಅವನ ಪಕ್ಕ ಕೂರುತ್ತಿದ್ದಳು.

"ಗೋಡೆ ಮೊದಲು ಕುಡೀಬೇಕು ಕಣೇ, ಆಮೇಲೆ ಉಡಬೇಕು" ಎಂದು ಅವಳಿಗೆ ಮೊದಲ ಲೇಪದ ಗುಟ್ಟು ಹೇಳಿಕೊಟ್ಟ. ಕಿಟಕಿಯ ಗೋಡೆಗೆ ಸಾಸಿವೆ ಹೂವಿನ ಹಳದಿ. ಬೆಂಚಿಗೆ ನವಿಲು ನೀಲಿ. ಮೇಲಿನ ಗೂಡುಗಳಿಗೆ ಒಂದಕ್ಕೆ ಗಿಳಿಹಸಿರು, ಒಂದಕ್ಕೆ ದಾಸವಾಳದ ಕೆಂಪು. ಕೊಳವೆ ಕಾಣುವ ಕಿಟಕಿಯ ಚೌಕಟ್ಟಿಗೆ ಎಂಥ ಬಿಳಿ ಬಳಿದನೆಂದರೆ ಕೊಳವೆಗಳೂ ಚಿತ್ರ ಬರೆದು ತೂಗುಹಾಕಿದಂತೆ ಕಂಡವು. ಒಂದು ಪಕ್ಕಕ್ಕೆ ಕಪ್ಪು ಹಲಗೆ, ಹುಡುಗಿಯ ಲೆಕ್ಕಕ್ಕೆ.

ಕೊನೆಯ ದಿನ ಅವನು ಮಡಿಚುವ ಹಲಗೆಯ ಅಂಚಿನುದ್ದಕ್ಕೂ ಅತಿ ಸಣ್ಣ ಕುಂಚ ಹಿಡಿದು ಅಂಗುಲದ ಗೆರೆಗಳನ್ನು ಬರೆದ. ಸೊನ್ನೆಯಿಂದ ನಲವತ್ತೆಂಟರವರೆಗೆ ಒಂದೊಂದು ಅಂಕಿಯೂ ಅಚ್ಚು ಹಾಕಿದಂತೆ.

"ಇದು ಯಾಕೆ?" ಎಂದಳು ಟೈಲರಮ್ಮ.

"ನೀವು ದಿನಕ್ಕೆ ಹತ್ತು ಸಲ 'ಟೇಪ್ ಎಲ್ಲಿ ಹೋಯ್ತು' ಅಂತ ಹುಡುಕ್ತೀರಲ್ಲ ಅತ್ತಿಗೆ. ಇನ್ನು ಬಟ್ಟೆ ಹಾಸಿ ಅಳೆದರಾಯ್ತು. ಈ ಟೇಪು ಎಲ್ಲೂ ಓಡಿಹೋಗಲ್ಲ."

ಟೈಲರಮ್ಮ ಒಳಗೆ ಹೋಗಿ ನೀರು ಕುಡಿದಳು.

ಬಣ್ಣ ಒಣಗಿದ ದಿನ ನಾಲ್ವರೂ ಆ ಮೂಲೆಯಲ್ಲಿ ಕೂತು ಊಟ ಮಾಡಿದರು. ಕೈ ತೊಳೆದು ಬಂದು ಏಣಿ ಹೇಳಿದ: "ಅಣ್ಣ, ಸ್ಟೇಶನ್ ರೋಡಿನ ಫ್ಲೆಕ್ಸ್ ಅಂಗಡಿಯೋರು ಕೆಲಸಕ್ಕೆ ಕರೆದಿದಾರೆ. ಅಂಗಡಿ ಮೇಲೇ ಒಂದು ರೂಮು ಇದೆಯಂತೆ. ಭಾನುವಾರ ಹೊರಡ್ತೀನಿ."

ಮಗಳು ಮುಖ ಊದಿಸಿಕೊಂಡಳು. ಗಂಡ "ಕೆಲಸ ಸಿಕ್ಕಿತಲ್ಲ, ಒಳ್ಳೇದೇ" ಅಂದ. ಟೈಲರಮ್ಮ "ಇಷ್ಟು ಬೇಗನಾ?" ಎಂದು ಕೇಳಿದಳು. ಕೇಳಿದ ಮಾತು ತನಗೇ ಸುಳ್ಳೆಂದು ಕೇಳಿಸಿತು. ಭಾನುವಾರ ಬುತ್ತಿ ಕಟ್ಟಿಕೊಟ್ಟಳು, ಬೇಕಾದ್ದಕ್ಕಿಂತ ಎರಡರಷ್ಟು. ಅವನು ಪೆಟ್ಟಿಗೆ ಹೊತ್ತು ಬೀದಿಯ ತಿರುವು ದಾಟಿದ ಮೇಲೆ ಬಾಗಿಲು ಹಾಕಿ, ಮನೆಯ ಉದ್ದಗಲಕ್ಕೂ ಒಮ್ಮೆ ಧಾರಾಳವಾಗಿ ಹೆಜ್ಜೆ ಸದ್ದು ಮಾಡುತ್ತ ನಡೆದಳು. ಹಾಯೆನಿಸಿತು. ಸುಳ್ಳು ಹೇಳಬಾರದು, ಎರಡು ದಿನ ನಿಜವಾಗಿ ಹಾಯೆನಿಸಿತು.

ಮೂರನೆಯ ದಿನದಿಂದ ಜನ ನೋಡಲು ಬರತೊಡಗಿದರು. ಶಾಲೆಯ ಸಮವಸ್ತ್ರ ಹೊಲಿಸಲು ಬಂದ ತಾಯಂದಿರು ಅಳತೆ ಕೊಡುವುದನ್ನು ಮರೆತು ಗೋಡೆ ನೋಡುತ್ತ ನಿಂತರು. "ಯಾರ ಕೈಲಿ ಮಾಡಿಸಿದ್ರಿ?" ಎಂದು ಎಲ್ಲರದೂ ಅದೇ ಪ್ರಶ್ನೆ. ಮೈದುನ ಎಂದರೆ, ಅವರು ಈಗೆಲ್ಲಿ, ಯಾಕೆ ಹೋದರು ಎಂಬ ಮಾತು ಬರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಕೇಳದ ಪ್ರಶ್ನೆಗೂ ಹೆದರಿದಳು. "ಮನೇಲೇ ಮಾಡ್ಕೊಂಡ್ವಿ" ಎಂದು ಬಿಟ್ಟಳು. ಮಕ್ಕಳ ಆಟದ ಶಾಲೆ ನಡೆಸುವ ಟೀಚರೊಬ್ಬರು "ನಮ್ಮ ಗೋಡೆಗಳಿಗೂ ಇಂಥ ಕೈ ಬೇಕಿತ್ತು" ಅಂದರು. ಆಗಲೂ ಟೈಲರಮ್ಮ ಬಾಯಿ ಬಿಡಲಿಲ್ಲ.

ಬಟ್ಟೆ ಹಾಸಿದಾಗಲೆಲ್ಲ ಆ ಅಂಕಿಗಳು ಕೈಗೆ ಸಿಗುತ್ತಿದ್ದವು. ತನ್ನ ಹೊಲಿಗೆ ಪೆಟ್ಟಿಗೆಯ ತಳದಲ್ಲೆಲ್ಲೋ ಇದ್ದ ಹಳೆಯ ಟೇಪನ್ನೇ ಹುಡುಕಿ ತೆಗೆದು ಅದರಲ್ಲೇ ಅಳೆಯತೊಡಗಿದಳು.

"ಅಮ್ಮ, ಹಲಗೆ ಮೇಲೇ ಇದೆಯಲ್ಲ" ಅಂದಳು ಮಗಳು.

"ನನಗೆ ಇದೇ ರೂಢಿ. ನೀನು ಓದು."

ಹೊರಡುವಾಗ, ಭಾನುವಾರಕ್ಕೊಮ್ಮೆ ಬರುತ್ತೇನೆಂದಿದ್ದ ಏಣಿ ಮೂರು ಭಾನುವಾರ ಬರಲಿಲ್ಲ. ಅವನು ಮರೆತು ಹೋದ ಒಂದು ಅಂಗಿ ಹಗ್ಗದ ಮೇಲೇ ಇತ್ತು. ಟೈಲರಮ್ಮ ಅದರ ಸವೆದ ಕಾಲರು ಬಿಚ್ಚಿ ತಿರುವಿ ಹೊಲಿದು, ಇಸ್ತ್ರಿ ಹಾಕಿ, ಒಂದು ಮಧ್ಯಾಹ್ನ ತಾನೇ ಸ್ಟೇಶನ್ ರೋಡಿಗೆ ಹೋದಳು.

ಅಂಗಡಿಯ ಯಜಮಾನ ಕಂಪ್ಯೂಟರಿನ ಮುಂದೆ ಯಾರದೋ ಫೋಟೋದ ಹಿನ್ನೆಲೆ ಅಳಿಸುತ್ತಿದ್ದ. "ಏಣಿನಾ? ಒಳಗೆ ಮಲಗಿದಾನೆ" ಅಂದ.

"ಈ ಹೊತ್ತಲ್ಲಿ?"

"ರಾತ್ರಿಯೆಲ್ಲ ಮಷೀನ್ ಕಾಯ್ತಾನಲ್ಲಮ್ಮ. ಪ್ರಿಂಟ್ ಓಡೋವಾಗ ಒಬ್ಬರು ಇರಲೇಬೇಕು. ಹಗಲು ಮಲಗ್ತಾನೆ."

"ಮೇಲಿನ ರೂಮಲ್ಲಾ?"

ಯಜಮಾನ ಮೊದಲ ಸಲ ಕತ್ತೆತ್ತಿದ. "ಮೇಲೆ ಯಾವ ರೂಮು? ಮೇಲೆ ತಾರಸಿ. ನೀರಿನ ಟ್ಯಾಂಕು ಬಿಟ್ರೆ ಏನಿದೆ ಅಲ್ಲಿ?"

ಒಳಗೆ ಬಣ್ಣದ ಘಾಟು ವಾಸನೆ. ಯಂತ್ರ ನಿಂತಿತ್ತು. ಅದರ ಹಿಂದೆ, ಸುರುಳಿಗಳ ಸಾಲಿಗೂ ಗೋಡೆಗೂ ನಡುವೆ, ಕೆಟ್ಟು ಮುದ್ರಣವಾದ ಯಾವುದೋ ಪಾದರಕ್ಷೆ ಅಂಗಡಿಯ ಜಾಹೀರಾತು ಹಾಸಿಕೊಂಡು ಏಣಿ ಮಲಗಿದ್ದ. ತಲೆದಿಂಬಿನ ಜಾಗದಲ್ಲಿ ಕುಂಚದ ಕಟ್ಟು. ಮೂರು ವಾರಕ್ಕೇ ಕೆನ್ನೆ ಇಳಿದಿತ್ತು. ಅವನ ಕಸುಬನ್ನು ನುಂಗಿದ ಯಂತ್ರಕ್ಕೆ ರಾತ್ರಿಯಿಡೀ ಕಾವಲು ಕೂತು, ಹಗಲು ಅದರ ಬುಡದಲ್ಲೇ ಬಿದ್ದುಕೊಂಡಿದ್ದ.

ಟೈಲರಮ್ಮ ಕರೆಯಲಿಲ್ಲ. ಅಂಗಿಯ ಪೊಟ್ಟಣ ಎದೆಗೊತ್ತಿಕೊಂಡು ಒಂದು ಸುರುಳಿಯ ಮೇಲೆ ಕೂತಳು. ಎಷ್ಟು ಹೊತ್ತೋ. ಹೊರಗೆ ಯಾವುದೋ ಗಾಡಿ ಹಾರ್ನು ಹೊಡೆದಾಗ ಅವನಿಗೆ ಎಚ್ಚರವಾಯಿತು. ಗಡಬಡಿಸಿ ಎದ್ದು ಕೂದಲು ಸವರಿಕೊಂಡ.

"ಅತ್ತಿಗೆ! ಮನೇಲಿ ಎಲ್ಲ ಚೆನ್ನಾಗಿದಾರಾ? ಹುಡುಗಿ?"

"ರೂಮಿದೆ ಅಂದ್ರಿ."

"ಇದೆ, ಅಂದ್ರೆ... ಸಿಗುತ್ತೆ. ಮುಂದಿನ ತಿಂಗಳು."

ಅವಳು ಇನ್ನು ತಡೆಯಲಾರದೆ ಹೇಳಿಬಿಟ್ಟಳು. "ಮಗಳ ಓದು, ಮಷೀನು, ಅದೆಲ್ಲ ನೆಪ. ನಿಮ್ಮನ್ನ ಕಳಿಸ್ಬೇಕು ಅಂತಾನೇ ಆ ಬೆಂಚು ತೆಗೆಸಿದ್ದು. ಬಾಯಿ ಬಿಟ್ಟು ಹೇಳೋ ಧೈರ್ಯ ಇರಲಿಲ್ಲ ನನಗೆ."

ಏಣಿ ಕುಂಚದ ಕಟ್ಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. "ಗೊತ್ತು ಅತ್ತಿಗೆ."

"ಯಾವಾಗ?"

"ನಾಲ್ಕಡಿ ಅಂದ್ರಲ್ಲ, ಆವಾಗ."

"ಗೊತ್ತಿದ್ದೂ ಹಾಗೆ ಮಾಡಿಕೊಟ್ರಾ? ಆ ಅಂಕಿ, ಆ ಬಣ್ಣ..."

"ಕುಂಚ ಹಿಡಿದು ಎರಡು ವರ್ಷವಾಗಿತ್ತು. ಕೈಗೆ ಕೆಲಸ ಸಿಕ್ಕಿತ್ತು, ಬಿಡೋಕಾಗ್ಲಿಲ್ಲ. ಅರೆಮನಸ್ಸಿನಲ್ಲಿ ಕೆಲಸ ಮಾಡೋಕೆ ನನಗೆ ಬರಲ್ಲ." ಮುಂದಿನ ಮಾತು ಹೇಳುವಾಗ ಅವನ ದನಿ ಮೊದಲ ಸಲ ಒರಟಾಯಿತು. "ಹನ್ನೊಂದು ತಿಂಗಳು ಇದ್ದದ್ದು ಹೆಚ್ಚೇ ಆಯ್ತು, ಒಪ್ತೀನಿ. ನೀವು ಮುಖಕ್ಕೆ ಹೇಳಿದ್ರೆ ಒಂದು ದಿನ ಬೇಜಾರು ಮಾಡ್ಕೊಂಡು ಹೋಗಿರ್ತಿದ್ದೆ. ನನ್ನ ಜಾಗ ನನ್ನ ಕೈಯಲ್ಲೇ ಕುಯ್ಸಿದ್ರಲ್ಲ ಅತ್ತಿಗೆ, ಅದು ಬೇಡವಾಗಿತ್ತು."

ಬೈಗುಳಕ್ಕೆ ಅವಳು ಸಿದ್ಧಳಾಗಿ ಬಂದಿದ್ದಳು. ಈ ಮಾತಿಗೆ ಸಿದ್ಧಳಾಗಿರಲಿಲ್ಲ. "ತಪ್ಪಾಯ್ತು" ಅಂದಳು. "ವಾಪಸ್ ಬನ್ನಿ. ಮನೆಗೆ ನಡೀರಿ."

"ಬಂದು?" ಅಂದ ಅವನು. ತಮಾಷೆಗಲ್ಲ, ನಿಜವಾಗಿಯೂ ಕೇಳಿದ. ಅವಳು ಅಂಗಿಯ ಪೊಟ್ಟಣ ಅವನ ಮುಂದಿಟ್ಟಳು. "ಬೇಡ ಬಿಡಿ. ಅಣ್ಣನಿಗೆ ಮಾತ್ರ ಇದನ್ನ ಹೇಳ್ಬೇಡಿ. ಸುಮ್ಮನೆ ನೊಂದ್ಕೋತಾನೆ."

ಬಸ್ಸಿನಲ್ಲಿ ಬರುತ್ತ ಅವಳಿಗೆ ಅಳು ಬರಲಿಲ್ಲ. ಅತ್ತು ಹಗುರಾಗುವ ಅರ್ಹತೆಯೂ ತನಗಿಲ್ಲವೆನಿಸಿತು. ಹೇಳಬೇಡಿ ಎಂದನಲ್ಲ, ಅದನ್ನೇ ನೆಪ ಮಾಡಿಕೊಂಡು ಬಾಯಿ ಮುಚ್ಚಿ ಕೂರಬಹುದಿತ್ತು. ಮನೆ ಮುಟ್ಟುವಷ್ಟರಲ್ಲಿ ಅದೂ ಇನ್ನೊಂದು ಗರಗಸವೇ ಎಂದು ಹೊಳೆಯಿತು. ಸಂಜೆ ಗಂಡ ಬಂದು ಚಹಾ ಹಿಡಿದು ನೀಲಿ ಬೆಂಚಿನ ಮೇಲೆ ಕೂತಾಗ, ಎದುರಿಗೆ ನಿಂತೇ ಎಲ್ಲ ಹೇಳಿದಳು. ನರ್ಸಿನ ಜೊತೆ ನಕ್ಕದ್ದನ್ನೂ ಬಿಡಲಿಲ್ಲ.

ಗಂಡ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿದ. ಆಮೇಲೆ, "ನೀನು ಆ ದಿನ ವಿಷಯ ತೆಗೆದಾಗಲೇ ನನಗೆ ಗೊತ್ತಾಯ್ತು" ಅಂದ.

"ಏನು?"

"ಅವನು ಎಲ್ಲಿ ಮಲಗ್ತಾನೆ ಅಂತ ನಾನು ಕೇಳ್ಬೇಕಿತ್ತು. ಕೇಳಿದ್ರೆ ನೀನು ಅಲ್ಲೇ ನಿಲ್ಲಿಸ್ತಿದ್ದೆ. ನನಗೂ ಅವನು ಹೋದ್ರೆ ಸಾಕಾಗಿತ್ತು. ನಿನ್ನ ಬೆನ್ನ ಹಿಂದೆ ನಿಂತು ಬಚಾವಾದೆ." ಲೋಟ ಕೆಳಗಿಟ್ಟ. "ಒಡಹುಟ್ಟಿದವನು. ನಿನಗಿಂತ ನನ್ನದೇ ಹೆಚ್ಚು."

ಇಬ್ಬರೂ ಪಾಲು ಹಂಚಿಕೊಂಡ ಮೇಲೆ ಅಪರಾಧ ಅರ್ಧವಾಗಬೇಕಿತ್ತು. ಆಗಲಿಲ್ಲ. ಇಬ್ಬರಿಗೂ ಒಂದೊಂದು ಇಡಿಯದೇ ಸಿಕ್ಕಿತು.

ಮರುದಿನ ಟೈಲರಮ್ಮ ಆಟದ ಶಾಲೆಯ ಟೀಚರ ಮನೆಗೆ ಹೋದಳು. "ಅವತ್ತು ಸುಳ್ಳು ಹೇಳಿದೆ. ಆ ಮೂಲೆ ಮಾಡಿದ್ದು ನನ್ನ ಮೈದುನ. ಅವರು ಅಕ್ಷರ ಬರೆದ್ರೆ ಅಚ್ಚು ನಾಚಬೇಕು" ಅಂದಳು. ಸಮವಸ್ತ್ರ ಹೊಲಿಸಿದ ಮನೆಮನೆಗೂ ಹೋಗಿ ಅದೇ ಮಾತು ಹೇಳಿದಳು. ಯಾಕೆ ಸುಳ್ಳು ಹೇಳಿದ್ರಿ ಎಂದು ಕೆಲವರು ಕೇಳಿದರು. "ನಾಚಿಕೆಗೆ" ಎಂದಷ್ಟೇ ಹೇಳಿದಳು. ಗಂಡ ಆಸ್ಪತ್ರೆಯ ಮಕ್ಕಳ ವಾರ್ಡಿನ ದೊಡ್ಡ ಡಾಕ್ಟರ ಹಿಂದೆ ಹತ್ತು ದಿನ ಅಲೆದು ಒಂದು ಗೋಡೆ ಕೊಡಿಸಿದ. ಏಣಿಗೆ ಈ ಓಡಾಟ ಯಾರದೆಂದು ತಿಳಿಯದೆ ಇರಲಿಲ್ಲ. ಆದರೂ ಕೆಲಸ ಕೆಲಸವೇ. ಬೇಡವೆನ್ನಲಿಲ್ಲ.

ಆಟದ ಶಾಲೆಯ ಗೋಡೆ ಮುಗಿಯುವಷ್ಟರಲ್ಲಿ ಇನ್ನೆರಡು ಗೋಡೆ ಕಾದಿದ್ದವು. ಫ್ಲೆಕ್ಸ್ ಅಂಗಡಿ ಬಿಟ್ಟು, ಹಾಲಿನ ಡೈರಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದ. ಆಗೊಮ್ಮೆ ಈಗೊಮ್ಮೆ ಭಾನುವಾರ ಊಟಕ್ಕೆ ಬರತೊಡಗಿದ. ಮಗಳಿಗೆ ಮೊದಲಿನಂತೆಯೇ ಕೀಟಲೆ ಮಾಡುತ್ತಿದ್ದ. ಟೈಲರಮ್ಮನ ಜೊತೆ ಮಾತ್ರ ಮಾತು ಅಳತೆಗೆ ತಕ್ಕಷ್ಟು. 'ಇನ್ನು ಸ್ವಲ್ಪ ಹಾಕ್ಲಾ' ಎಂದರೆ 'ಸಾಕು ಅತ್ತಿಗೆ', 'ಕೂತ್ಕೊಳ್ಳಿ' ಎಂದರೆ 'ಹೊತ್ತಾಯ್ತು'. ಹಿಂದೆ ಅವನ ಮಾತು ಹೆಚ್ಚಾಯಿತೆಂದು ಒಳಗೊಳಗೇ ಸಿಡುಕುತ್ತಿದ್ದವಳು ಈಗ ಒಂದು ಸಣ್ಣ ತಮಾಷೆಗಾಗಿ ಕಾದು ಕೂರುವಂತಾಯಿತು. ಅವಳು ಅದನ್ನು ಯಾರಲ್ಲೂ ದೂರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಅವನೇ ಕರೆದ. "ಅತ್ತಿಗೆ, ನನ್ನ ಕಿಟಕಿಗೆ ಪರದೆ ಬೇಕು. ಅಳತೆ ತಗೊಳ್ಳೋಕೆ ನೀವೇ ಬರ್ಬೇಕು."

ಅವಳು ಒಬ್ಬಳೇ ಹೋದಳು. ಕೋಣೆ ಚಿಕ್ಕದು, ಗೋಡೆಗಳಿಗೆ ಇನ್ನೂ ಬಣ್ಣವಿಲ್ಲ. ಊರಿಗೆಲ್ಲ ಬಳಿದವನಿಗೆ ತನ್ನದಕ್ಕೆ ಪುರುಸೊತ್ತಿಲ್ಲ. ಇದ್ದದ್ದು ಒಂದೇ ಕುರ್ಚಿ. ಅದರ ಮೇಲಿನ ಡಬ್ಬಿಗಳನ್ನು ಇಳಿಸಿ, ಒರೆಸಿ, "ಕೂತ್ಕೊಳ್ಳಿ" ಎಂದು ತಾನು ಬಾಗಿಲ ಹೊಸ್ತಿಲ ಮೇಲೆ ಕೂತ. ಅವಳು ಕಿಟಕಿ ಅಳೆದಳು. ಮೂರಡಿಗೆ ನಾಲ್ಕಡಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಚೀಟಿಯಲ್ಲಿ ಬರೆದುಕೊಂಡಳು.

ಅವನು ಸ್ಟೋವು ಹಚ್ಚಿ ಚಹಾ ಮಾಡಿದ. ಸಕ್ಕರೆ ಅಳತೆ ಮೀರಿತ್ತು.

"ಹೇಗಿದೆ?" ಅಂದ.

"ಪಾಯಸ ಆಗಿದೆ" ಅಂದಳು ಟೈಲರಮ್ಮ. ಅಂದ ಮೇಲೆ, ಅನ್ನಬಾರದಿತ್ತೇನೋ ಎಂದು ಅಳುಕಿ ಅವನ ಮುಖ ನೋಡಿದಳು.

ಅವನು ನಗಲಿಲ್ಲ. ಆದರೆ ಎದ್ದು ಬಂದು ಅವಳ ಲೋಟಕ್ಕೆ ಕಾಲು ಲೋಟ ಬಿಸಿನೀರು ಬೆರೆಸಿ, "ಈಗ ನೋಡಿ" ಅಂದ. ಅವಳು ಕುಡಿದಳು. ಕತ್ತಲಾಗುವವರೆಗೂ ಅವಳು ಅಲ್ಲಿ ಕೂತಿದ್ದಳು. ಅವನೂ ಹೊತ್ತಾಯಿತು ಅನ್ನಲಿಲ್ಲ.